ಹೆಸರು ಹೋಗಿ ನಾದ ಉಳಿದ ಮನೆ

ಮನುಷ್ಯನಿಗೆ ಪುನರ್ಜನ್ಮ ಉಂಟೋ ಇಲ್ಲವೋ ಎಂಬುದು ತತ್ತ್ವಜ್ಞಾನಿಗಳ ಜಿಜ್ಞಾಸೆ. ಕಟ್ಟಡಗಳಿಗಂತೂ ಅದು ಉಂಟು. ಒಂದೇ ಆಯುಸ್ಸಿನಲ್ಲಿ ಮೂರು ನಾಲ್ಕು ಜನ್ಮಗಳನ್ನು ಕಳೆಯುವ ಕಟ್ಟಡಗಳನ್ನು ನಾವೆಲ್ಲ ನೋಡಿದ್ದೇವೆ. ಒಂದು ಕಾಲಕ್ಕೆ ಕೊಟ್ಟಿಗೆಯಾಗಿದ್ದುದು ಮುಂದೆ ಅಚ್ಚುಕೂಟವಾಗುತ್ತದೆ. ಅಚ್ಚುಕೂಟ ಔಷಧಿಯ ಅಂಗಡಿಯಾಗುತ್ತದೆ. ಗೋಡೆ ಅದೇ, ತೊಲೆ ಅದೇ. ಒಳಗಿನ ಜೀವ ಮಾತ್ರ ಬೇರೆ. ಹಿಂದಿನ ಜನ್ಮದ ಸ್ಮರಣೆ ಮನುಷ್ಯನಿಗೆ ಇರುವುದಿಲ್ಲವೆನ್ನುತ್ತಾರೆ. ಕಟ್ಟಡಕ್ಕೆ ಇರುತ್ತದೆಯೆ? ಇದ್ದರೆ ಅದು ಎಲ್ಲಿ ನೆಲಸಿರುತ್ತದೆ? ಹೆಸರಿನಲ್ಲೋ, ಗೋಡೆಯಲ್ಲೋ, ಅಥವಾ ಬೇರೆ ಎಲ್ಲಾದರೋ? ಈ ಪ್ರಶ್ನೆಯನ್ನು ಒಂದು ಕಟ್ಟಡದ ನಿಜವಾದ ಕಥೆಯ ಮೂಲಕ ತಮ್ಮ ಮುಂದಿಡಬೇಕೆಂಬುದು ಈ ಭಾಷಣದ ಉದ್ದೇಶ.

ಬಾನುಲಿಯಲ್ಲಿ ಮಾತನಾಡುವವನು ಬಾನುಲಿಯ ಉದಾಹರಣೆಯಿಂದಲೇ ಮೊದಲು ಮಾಡುವುದು ಉಚಿತ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿಯೇ ಒಂದು ಪ್ರಸಾರ ಕೇಂದ್ರವನ್ನು ತೆರೆದರು. ವಾಸದ ಮನೆ ಧ್ವನಿಯ ಮನೆಯಾಯಿತು. ಕೆಲವು ವರ್ಷಗಳ ಮೇಲೆ ಕೇಂದ್ರ ಆ ಮನೆಯನ್ನು ಬಿಟ್ಟು ಹೊರಟಿತು. ಆದರೆ ಆ ಮೈಸೂರು ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅಲ್ಲಿ ಮನೆಯ ಧ್ವನಿ ನಿಂತಿತು. ಹೆಸರು ಉಳಿದು ಬೆಳೆಯಿತು.

ನಾನು ವಾಸಿಸುವ ಮಾರೇನಹಳ್ಳಿಯ ಸುತ್ತಮುತ್ತ ಇಂಥ ಉದಾಹರಣೆಗಳಿಗೆ ಬರವಿಲ್ಲ. ನಮ್ಮ ಬಡಾವಣೆಯ ಹೆಸರಿನಲ್ಲಿ ಹಳ್ಳಿ ಇದೆ. ರಾಗಿಯ ಹೊಲವಿಲ್ಲ, ಕಣವಿಲ್ಲ. ಅಲ್ಲಿಂದ ಪೇಟೆಯ ಕಡೆಗೆ ಹೊರಟರೆ ಬಿನ್ನಿಪೇಟೆ ಸಿಕ್ಕುತ್ತದೆ. ಆ ಹೆಸರಿಗೆ ಕಾರಣವಾದ ಬಿನ್ನಿ ಗಿರಣಿಯ ಯಂತ್ರಗಳ ಸದ್ದು ನಿಂತು ಎಷ್ಟೋ ಕಾಲವಾಯಿತು. ಮಲ್ಲೇಶ್ವರದಲ್ಲಿ ಹಳೆಯ ರಾಜಾ ಮಿಲ್ಲು ಇದ್ದ ನೆಲದ ಮೇಲೆ 2010ರಲ್ಲಿ ದೊಡ್ಡದೊಂದು ಮಾಲು ಎದ್ದಿತು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಹೆಸರು ಉಳಿಯುತ್ತದೆ, ಸದ್ದು ಹೋಗುತ್ತದೆ. ಕೆಲವೊಮ್ಮೆ ಎರಡೂ ಹೋಗುತ್ತವೆ.

ನಾನು ಹೇಳಹೊರಟಿರುವುದು ಇದಕ್ಕೆ ತಿರುಗುಮುರುಗಾದ ಕಥೆ. ಅಲ್ಲಿ ಹೆಸರು ಹೋಯಿತು, ಸದ್ದು ಉಳಿಯಿತು. ಆ ಕಟ್ಟಡವಿರುವುದು ಅಮೆರಿಕೆಯ ಟೆನೆಸೀ ಸಂಸ್ಥಾನದ ನ್ಯಾಷ್‌ವಿಲ್ ಎಂಬ ಊರಿನಲ್ಲಿ. ಅದೊಂದು ಬಾರು, ಸಂಗೀತ ನಡೆಯುವ ಬಾರು. ಬಾರು ಎಂದೊಡನೆ ಮುಖ ಕಿವುಚುವ ಸಂಸ್ಕಾರದಲ್ಲಿ ಬೆಳೆದವನು ನಾನು. ತಮ್ಮಲ್ಲಿಯೂ ಕೆಲವರು ಹಾಗೆಯೇ ಇರಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ. ಏಕೆಂದರೆ ಆ ಬಾರು ತನ್ನ ಪೂರ್ವಜನ್ಮದಲ್ಲಿ ವಾದ್ಯಗಳನ್ನು ತಯಾರಿಸಿ ಮಾರುವ, ಕೆಟ್ಟುದನ್ನು ದುರಸ್ತಿ ಮಾಡುವ ಮನೆಯಾಗಿತ್ತು. ತಯಾರಾಗುತ್ತಿದ್ದ ವಾದ್ಯ ಸ್ಟೀಲ್ ಗಿಟಾರ್.

ನ್ಯಾಷ್‌ವಿಲ್ಲಿಗೆ ಸಂಗೀತದ ನಗರವೆಂಬ ಖ್ಯಾತಿ ಬಂದುದೂ ಬಾನುಲಿಯಿಂದಲೇ. ಅಲ್ಲಿನ ಡಬ್ಲ್ಯು.ಎಸ್.ಎಂ. ಎಂಬ ಕೇಂದ್ರ 1925ರಲ್ಲಿ ಹಳ್ಳಿಗಾಡಿನ ಹಾಡು ಕುಣಿತಗಳ ಒಂದು ಶನಿವಾರದ ಕಾರ್ಯಕ್ರಮವನ್ನು ಆರಂಭಿಸಿತು. ಮುಂದೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರಿನಿಂದ ದೇಶಕ್ಕೆಲ್ಲ ಪರಿಚಯವಾದುದು ಅದೇ. 1943ರಿಂದ 1974ರವರೆಗೆ ಅದು ನಡೆದುದು ರೈಮನ್ ಸಭಾಂಗಣದಲ್ಲಿ. ಈ ರೈಮನ್ನಿನದೂ ಪುನರ್ಜನ್ಮದ ಕಥೆಯೇ. 1892ರಲ್ಲಿ ಅದನ್ನು ಕಟ್ಟಿದ್ದು ಧಾರ್ಮಿಕ ಪ್ರವಚನಗಳಿಗಾಗಿ. ಅದರ ಹಿಂದೆ ಒಂದು ಓಣಿ. ಓಣಿಯಾಚೆಗೆ ಕಂಬರ್ಲೆಂಡ್ ನದಿಯ ಕಡೆಗೆ ಇಳಿಯುವ ಬ್ರಾಡ್‌ವೇ ಎಂಬ ಬೀದಿಯ ಸಾಲುಕಟ್ಟಡಗಳು. ಆ ಸಾಲಿನಲ್ಲಿ 416ನೆಯ ಸಂಖ್ಯೆಯ ಮನೆಯೇ ನಮ್ಮ ಕಥಾನಾಯಕ.

ಕಟ್ಟಡದ ಒಳಹೊಗುವ ಮುನ್ನ ವಾದ್ಯದ ಪರಿಚಯ ಆಗಬೇಕು. ಸಾಮಾನ್ಯ ಗಿಟಾರಿನಲ್ಲಿ ಬೆರಳುಗಳು ತಂತಿಯನ್ನು ಮೆಟ್ಟಿಲಿಗೆ ಒತ್ತುತ್ತವೆ. ಸ್ಟೀಲ್ ಗಿಟಾರಿನಲ್ಲಿ ಒತ್ತುವುದಿಲ್ಲ. ಎಡಗೈಯಲ್ಲಿ ನುಣುಪಾದ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ. ಹೆಸರಿನಲ್ಲಿರುವ ಸ್ಟೀಲು ಈ ಉಕ್ಕಿನ ತುಂಡೇ ಹೊರತು ವಾದ್ಯದ ಮೈ ಅಲ್ಲ. ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬವನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಇನ್ನೂ ಹುಡುಗನಾಗಿದ್ದಾಗ, ಈ ಕ್ರಮವನ್ನು ರೂಢಿಗೆ ತಂದನೆಂದು ಪ್ರತೀತಿ. ಅವನಿಗಿಂತ ಮೊದಲೇ ಹೊನೊಲುಲುವಿನಲ್ಲಿ ಭಾರತದಲ್ಲಿ ಹುಟ್ಟಿದ ಗೇಬ್ರಿಯಲ್ ಡೇವಿಯನ್ ಎಂಬ ತರುಣನೊಬ್ಬ ಹೀಗೆ ನುಡಿಸುತ್ತಿದ್ದನೆಂಬ ಮಾತೂ ಉಂಟು. 1915ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಹವಾಯಿಯ ಸಂಗೀತ ಅಮೆರಿಕನ್ನರಿಗೆ ಹುಚ್ಚು ಹಿಡಿಸಿತು. 1932ರ ಹೊತ್ತಿಗೆ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಕಂಪನಿಯ ವಿದ್ಯುತ್ ಗಿಟಾರು ಕೂಡ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರೇ. ಅದರ ಆಕಾರ ನೋಡಿ ಜನ ಅದಕ್ಕೆ ಬಾಣಲೆ ಎಂದು ಅಡ್ಡಹೆಸರಿಟ್ಟರು.

ನಮ್ಮ ಕಿವಿಗೆ ಈ ಜಾರುವ ನಾದ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಏಕತಂತ್ರಿಯೆಂಬ ವೀಣೆಯನ್ನು ವರ್ಣಿಸುತ್ತಾನೆ. ಅದರ ತಂತಿಯ ಮೇಲೆ ಬಿದಿರಿನ ತುಂಡೊಂದನ್ನು ಜಾರಿಸಿ ಸ್ವರ ಹೊರಡಿಸುತ್ತಿದ್ದರು. ದಕ್ಷಿಣದ ಗೋಟುವಾದ್ಯ ಅದರ ಸಂತತಿಯಂತಿದೆ. ಮೆಟ್ಟಿಲುಗಳಿಲ್ಲದ ಆ ವೀಣೆಯನ್ನು ತಿರುವಿಡೈಮರುದೂರಿನ ಸಖಾರಾಮ ರಾಯರು ಕಚೇರಿಯ ವೇದಿಕೆಗೆ ತಂದರು. ನಾರಾಯಣ ಅಯ್ಯಂಗಾರ್ಯರು ಅದಕ್ಕೆ ಕೀರ್ತಿ ತಂದರು. ಇತ್ತ ಹವಾಯಿಯ ಗಿಟಾರು ಸಮುದ್ರಮಾರ್ಗವಾಗಿ ಕಲ್ಕತ್ತೆಗೆ ಬಂದು, 1940ರ ದಶಕದಲ್ಲಿ ಅಲ್ಲಿ ನೆಲಸಿದ್ದ ಟಾವ್ ಮೋ ಎಂಬ ಕಲಾವಿದನಿಂದ ಮತ್ತಷ್ಟು ಹಬ್ಬಿತು. ಸುನಿಲ್ ಗಂಗೂಲಿಯವರು ಅದರಲ್ಲಿ ನುಡಿಸಿದ ಸಿನಿಮಾ ಹಾಡುಗಳ ತಟ್ಟೆಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು. ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ಶಾಸ್ತ್ರೀಯ ಸಂಗೀತದ ಚಾವಡಿಗೆ ಕರೆತಂದರು. ವಿಶ್ವಮೋಹನ ಭಟ್ಟರು ಅದಕ್ಕೆ ಹೆಚ್ಚಿನ ತಂತಿಗಳನ್ನು ಕೂಡಿಸಿ ಮೋಹನವೀಣೆಯೆಂದು ಹೆಸರಿಟ್ಟು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಜಾರು ಎಂಬ ಗಮಕವನ್ನು ಬಲ್ಲ ಕಿವಿಗೆ ಈ ವಾದ್ಯ ಪರದೇಶಿಯಾಗಿ ತೋರದಿರುವುದು ಸಹಜವೇ.

ಅಮೆರಿಕೆಯಲ್ಲಿ ಅದು ಹಿಡಿದ ದಾರಿ ಬೇರೆ. ಅವರ ಸಂಗೀತದಲ್ಲಿ ಹಲವು ಸ್ವರಗಳು ಒಟ್ಟಿಗೆ ನುಡಿಯಬೇಕು. ಉಕ್ಕಿನ ತುಂಡು ನೇರವಾದದ್ದು. ಅದನ್ನು ಜಾರಿಸಿದರೆ ಎಲ್ಲ ತಂತಿಗಳೂ ಒಂದೇ ಅಳತೆಯಲ್ಲಿ ಮೇಲೇರುತ್ತವೆ, ಒಂದೇ ಅಳತೆಯಲ್ಲಿ ಕೆಳಗಿಳಿಯುತ್ತವೆ. ಒಂದು ತಂತಿ ನಿಂತಿರಲಿ, ಇನ್ನೊಂದು ಏರಲಿ ಎಂದರೆ ಆಗದು. ಈ ಬಂಧನ ಬಿಡಿಸುವುದಕ್ಕಾಗಿ ಕಾಲಿನ ಪೆಡಲುಗಳು ಬಂದುವು. ವಾದ್ಯವನ್ನು ಮೇಜಿನಂತೆ ಕಾಲುಗಳ ಮೇಲೆ ನಿಲ್ಲಿಸಿ, ಕೆಳಗಿನ ಪೆಡಲುಗಳಿಂದ ತಂತಿಗಳ ತುದಿಯವರೆಗೆ ಲೋಹದ ಸಲಾಕೆಗಳನ್ನು ಜೋಡಿಸಿದರು. ಪೆಡಲು ತುಳಿದರೆ ಗೊತ್ತಾದ ತಂತಿ ಮಾತ್ರ ಬಿಗಿಯಾಗಿ ಗೊತ್ತಾದ ಸ್ವರಕ್ಕೆ ಏರುತ್ತದೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಈ ವಾದ್ಯದ ಹೆಚ್ಚು ಬಳಕೆಯಲ್ಲಿರುವ ಶ್ರುತಿಕ್ರಮದಲ್ಲಿ ಹತ್ತು ತಂತಿಗಳು. ಅವುಗಳಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ ಮೂರೂ ಒಟ್ಟಿಗೆ ನುಡಿಯುತ್ತಿವೆಯೆನ್ನಿ. ಮೊದಲನೆಯ ಪೆಡಲು ಪಂಚಮವನ್ನು ಚತುಃಶ್ರುತಿ ಧೈವತಕ್ಕೆ ಏರಿಸುತ್ತದೆ. ಎರಡನೆಯದು ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ ಎತ್ತುತ್ತದೆ. ಷಡ್ಜ ಅಲುಗುವುದಿಲ್ಲ. ಎರಡನ್ನೂ ಒಮ್ಮೆಗೇ ತುಳಿದರೆ ಸ-ಗ-ಪ ಎಂಬುದು ಕೇಳುತ್ತಿರುವಂತೆಯೇ ಸ-ಮ-ಧ ಆಗಿ ಕರಗುತ್ತದೆ. ಆ ಕರಗುವ ಕ್ಷಣವೇ ವಾದ್ಯದ ಪ್ರಾಣ. 1954ರಲ್ಲಿ ಬಡ್ ಐಸಾಕ್ಸ್ ಎಂಬವನು ನುಡಿಸಿದ ಒಂದು ತಟ್ಟೆ ಈ ನಾದವನ್ನು ಊರೂರಿಗೆ ಮುಟ್ಟಿಸಿತು. ಉಳಿದ ವಾದಕರೆಲ್ಲ ತಮ್ಮ ವಾದ್ಯಗಳಿಗೂ ಪೆಡಲು ಬೇಕೆಂದು ಹಾತೊರೆದರು.

ಇಲ್ಲಿ ಇಬ್ಬರು ಗೆಳೆಯರ ಪ್ರವೇಶ. ಒಬ್ಬ ಷಾಟ್ ಜ್ಯಾಕ್ಸನ್. 1920ರಲ್ಲಿ ಹುಟ್ಟಿದವನು, ಸ್ಟೀಲ್ ಗಿಟಾರ್ ನುಡಿಸಿಕೊಂಡು ಆಪ್ರಿಯ ದೊಡ್ಡ ಗಾಯಕರ ಜೊತೆ ಊರೂರು ತಿರುಗುತ್ತಿದ್ದವನು. ಇನ್ನೊಬ್ಬ ಬಡ್ಡಿ ಎಮನ್ಸ್. ಈ ಬಡ್ಡಿ ನಮ್ಮ ಸಾಲದ ಬಡ್ಡಿಯಲ್ಲ, ಸ್ನೇಹಿತ ಎಂಬರ್ಥದ ಮುದ್ದಿನ ಹೆಸರು. 1937ರಲ್ಲಿ ಹುಟ್ಟಿದ ಈತ 1955ರಲ್ಲಿ, ಹದಿನೆಂಟರ ಹರೆಯದಲ್ಲಿ, ನ್ಯಾಷ್‌ವಿಲ್ಲಿಗೆ ಬಂದಿಳಿದ. ನಾನು ಈಗಷ್ಟೇ ಹೇಳಿದ ಎರಡು ಪೆಡಲುಗಳ ವಿಂಗಡಣೆ ಈತನ ಬುದ್ಧಿಯಿಂದ ಬಂದದ್ದು. ಅದಕ್ಕೆ ಮೊದಲು ಒಂದೇ ಪೆಡಲು ಎರಡು ಕೆಲಸವನ್ನೂ ಒಟ್ಟಿಗೆ ಮಾಡುತ್ತಿತ್ತು. ಐವತ್ತರ ದಶಕದ ನಡುವಿನಲ್ಲಿ ಇಬ್ಬರೂ ಸೇರಿ ಷಾಟನ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ವಾದ್ಯಗಳನ್ನು ಮಾಡತೊಡಗಿದರು. ಷಾಟ್‌ನಿಂದ ‘ಷೋ’, ಬಡ್ಡಿಯಿಂದ ‘ಬಡ್’. ‘ಷೋ-ಬಡ್’ ಎಂಬ ಹೆಸರಾಯಿತು. ಹೆಸರಿನಲ್ಲಿಯೇ ಇಬ್ಬರು ಮಾಡಿದವರೂ ಕುಳಿತಿರುವುದನ್ನು ಗಮನಿಸಬೇಕು.

ಇಬ್ಬರೂ ನುಡಿಸುವವರು, ಇಬ್ಬರೂ ಮಾಡುವವರು. ಹಾಗಾಗಿ ಎಲ್ಲಿ ತಂತಿ ಸಡಿಲವಾಗುತ್ತದೆ, ಎಲ್ಲಿ ಸಲಾಕೆ ಕಿರುಗುಟ್ಟುತ್ತದೆ, ಕಚೇರಿಯ ನಡುವೆ ಯಾವ ತಿರುಪು ಕೈಕೊಡುತ್ತದೆ ಎಂಬುದು ಅವರಿಗೆ ಪರರ ಬಾಯಿಂದ ಕೇಳಿ ತಿಳಿಯಬೇಕಾಗಿರಲಿಲ್ಲ. ಮೇಪಲ್ ಮರದ ಮೈ, ಹಕ್ಕಿಯ ಕಣ್ಣಿನಂಥ ಸಣ್ಣ ಸುಳಿಗಳಿರುವ ಹಲಗೆ. ಸ್ವರಸ್ಥಾನಗಳನ್ನು ಗುರುತಿಸಲು ಇಸ್ಪೀಟಿನ ನಾಲ್ಕು ಚಿಹ್ನೆಗಳು. ಕಲೆಯೊಂದಿಗೆ ತುಂಟತನವೂ ಸೇರಿದ ಕೆಲಸ ಅದು. ಒಳಗೆ ನೋಡಿದರೆ ಸಲಾಕೆ, ಸ್ಪ್ರಿಂಗು, ತಿರುಪು. ಬಡಗಿಯೂ ಲೇತ್ ಯಂತ್ರದವನೂ ಕೂಡಿಯೇ ಮಾಡಬೇಕಾದ ವಾದ್ಯ. ನಮ್ಮ ಕಾಮಾಕ್ಷಿಪಾಳ್ಯದ ಷೆಡ್ಡುಗಳಲ್ಲಿ ಲೇತ್ ಮುಂದೆ ನಿಂತು ಕೂದಲೆಳೆಯ ಅಳತೆಗೆ ಕಬ್ಬಿಣ ಕಡೆಯುವ ಹುಡುಗರನ್ನು ನೋಡಿದವರಿಗೆ ಇದು ಎಂಥ ಕೈ ಬೇಡುವ ಕೆಲಸವೆಂದು ವಿವರಿಸಬೇಕಾಗಿಲ್ಲ.

1963ರಲ್ಲಿ ಎಮನ್ಸ್ ಬೇರೆಯಾಗಿ ತನ್ನದೇ ಕಂಪನಿ ಕಟ್ಟಿದ. ಷಾಟ್ ಅದೇ ಹೆಸರಿನಲ್ಲಿ ಕೆಲಸ ಮುಂದುವರಿಸಿದ. ಅವನ ಮಕ್ಕಳೂ ಕೈಗೂಡಿಸಿದರು. 1965ರಲ್ಲಿ ರಸ್ತೆಯ ಅಪಘಾತವೊಂದರಲ್ಲಿ ಅವನಿಗೆ ತೀವ್ರವಾದ ಪೆಟ್ಟಾಯಿತು. ಆ ದಶಕದಲ್ಲಿಯೇ ಬ್ರಾಡ್‌ವೇಯ 416ನೆಯ ಮನೆಯಲ್ಲಿ ಷೋ-ಬಡ್ ನೆಲೆಯಾಯಿತು. ರೈಮನ್ನಿನ ಹಿಂಬಾಗಿಲಿನಿಂದ ಕೂಗಳತೆಯ ದೂರ. ವೇದಿಕೆಯಲ್ಲಿ ನುಡಿಸುವವನಿಗೂ ಕೊಠಡಿಯಲ್ಲಿ ತಿರುಪು ಬಿಗಿಯುವವನಿಗೂ ನಡುವೆ ಒಂದು ಓಣಿ ಮಾತ್ರ. ವಾದ್ಯ ಕೆಟ್ಟರೆ ಓಣಿ ದಾಟಿದರಾಯಿತು. ನುಡಿಸುವವರ ದೂರು ಮಾಡುವವನ ಕಿವಿಗೆ ಬಿಸಿಬಿಸಿಯಾಗಿ ಮುಟ್ಟುತ್ತಿತ್ತು. ಸಂಗೀತ ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆರೆಹೊರೆ ಬೇಕೆ?

ಆ ನೆರೆಹೊರೆ ಹೆಚ್ಚು ಕಾಲ ಬಾಳಲಿಲ್ಲ. 1974ರಲ್ಲಿ ಆಪ್ರಿ ರೈಮನ್ನನ್ನು ಬಿಟ್ಟು ಊರಾಚೆಯ ಹೊಸ ಸಭಾಂಗಣಕ್ಕೆ ಹೋಯಿತು. ಶನಿವಾರದ ಜನಜಂಗುಳಿಯೂ ಜೊತೆಯಲ್ಲಿ ಹೋಯಿತು. ರೈಮನ್ ಪಾಳು ಬಿದ್ದಂತಾಯಿತು. ಸಂಭಾವಿತರು ಕಾಲಿಡಲು ಅಂಜುವ ಅಂಗಡಿಗಳು ಬ್ರಾಡ್‌ವೇಯಲ್ಲಿ ತೆರೆದುವು. 1980ರ ಹೊತ್ತಿಗೆ ಷಾಟ್ ತನ್ನ ಕಂಪನಿಯನ್ನು ಬಾಲ್ಡ್‌ವಿನ್ ಎಂಬ ದೊಡ್ಡ ಸಂಸ್ಥೆಗೆ ಮಾರಿದ. 1983ರಲ್ಲಿ ವಾದ್ಯಗಳ ದುರಸ್ತಿಯ ಅಂಗಡಿಯನ್ನೂ ಮಾರಿದ. ಅನಂತರ ಅವನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. 1991ರಲ್ಲಿ ತೀರಿಕೊಂಡ. ಎಷ್ಟೋ ವಾದ್ಯಗಳಿಗೆ ಮಾತು ಕೊಟ್ಟವನ ಕೊನೆಯ ವರ್ಷಗಳು ಮಾತಿಲ್ಲದೆ ಕಳೆದುವು.

416ನೆಯ ಮನೆ ಮತ್ತೊಂದು ಜನ್ಮವೆತ್ತಿತು. ತೊಂಬತ್ತರ ದಶಕದ ಆರಂಭದಲ್ಲಿ ರಾಬರ್ಟ್ ಮೂರ್ ಎಂಬವನು ಅಲ್ಲಿ ದನಗಾಹಿಗಳ ಮಾದರಿಯ ಬೂಟುಗಳು, ಬಟ್ಟೆಬರೆ ಮಾರುವ ಅಂಗಡಿ ಇಟ್ಟ. ಬಂದ ಗಿರಾಕಿಗಳಿಗೆ ಕುಡಿಯಲು ಒಂದಿಷ್ಟು, ಕೇಳಲು ಒಂದಿಷ್ಟು ಎಂದು ಮೂಲೆಯಲ್ಲಿ ಹಾಡುಗಾರಿಕೆಗೆ ಜಾಗ ಮಾಡಿಕೊಟ್ಟ. ಕ್ರಮೇಣ ಬೂಟು ಹಿಂದಾಗಿ ಹಾಡು ಮುಂದಾಯಿತು. ‘ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್’ ಎಂಬ ಬಾರು ಹುಟ್ಟಿದ್ದು ಹೀಗೆ. 1990ರ ದಶಕದ ನಡುವಿನಲ್ಲಿ ಬಿ.ಆರ್.5-49 ಎಂಬ ವಿಚಿತ್ರ ಹೆಸರಿನ ತರುಣರ ತಂಡವೊಂದು ಅಲ್ಲಿ ಕೇಳುಗರು ಹಾಕುವ ಪುಡಿಗಾಸಿಗಾಗಿ ರಾತ್ರಿಯೆಲ್ಲ ಹಳೆಯ ಹಾಡುಗಳನ್ನು ಹಾಡಿ, ಆ ಬೀದಿಗೆ ಮತ್ತೆ ಜನರನ್ನು ಕರೆತಂದಿತು. 1994ರಲ್ಲಿ ರೈಮನ್ ಕೂಡ ದುರಸ್ತಿಗೊಂಡು ಬಾಗಿಲು ತೆರೆದಿತ್ತು. 1999ರಲ್ಲಿ ಬಾರನ್ನು ಕೊಂಡವನು ಜೆಸ್ಸಿ ಲೀ ಜೋನ್ಸ್. ಹುಟ್ಟಿದ್ದು ಬ್ರೆಜಿಲ್ ದೇಶದಲ್ಲಿ. ಹಳೆಯ ಕಾಲದ ಕಂಟ್ರಿ ಸಂಗೀತವನ್ನೇ ಅಲ್ಲಿ ನಡೆಸಬೇಕೆಂದು ಪಟ್ಟು ಹಿಡಿದವನು, ಸ್ವತಃ ಹಾಡುವವನು, ಈ ಪರದೇಶದವನು. ಪರಂಪರೆಯನ್ನು ಕಾಯುವ ಕೆಲಸ ಯಾವಾಗಲೂ ಮನೆಮಕ್ಕಳ ಪಾಲಿಗೇ ಬರುತ್ತದೆಂದು ಹೇಳಲಾಗದು. ನಮ್ಮ ಕಿಟ್ಟೆಲ್ ಎಲ್ಲಿಯವರು?

ಮಗಳು ಆ ದೇಶದಲ್ಲಿರುವುದರಿಂದ ಒಂದು ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಆ ಬೀದಿಯನ್ನು ನೋಡುವ ಯೋಗ ಬಂದಿತು. ಹಾಡುಹಗಲಿನಲ್ಲಿ, ಅಳಿಯನನ್ನು ಮುಂದುಮಾಡಿಕೊಂಡು, ಅಳುಕುತ್ತಲೇ ಒಳಹೊಕ್ಕೆವು. ಗೋಡೆಯ ಗೂಡುಗಳಲ್ಲಿ ಬೂಟುಗಳು ಇನ್ನೂ ಸಾಲಾಗಿ ಕುಳಿತಿದ್ದುವು. ನಿಂಬೆಯ ಪಾನಕವನ್ನು ಮುಂದಿಟ್ಟುಕೊಂಡ ನಮ್ಮನ್ನು ಯಾರೂ ವಿಚಿತ್ರವಾಗಿ ನೋಡಲಿಲ್ಲ. ಪುಟ್ಟ ವೇದಿಕೆಯ ಒಂದು ಪಕ್ಕದಲ್ಲಿ ಪೆಡಲು ಗಿಟಾರಿನ ವಾದಕನಿದ್ದ. ಬಲಗೈ ಮೀಟುತ್ತದೆ, ಎಡಗೈ ಜಾರಿಸುತ್ತದೆ. ಎಡಗಾಲು ಪೆಡಲುಗಳ ಮೇಲೆ, ಬಲಗಾಲು ಧ್ವನಿಯನ್ನು ಏರಿಸಿ ಇಳಿಸುವ ಇನ್ನೊಂದು ಪೆಡಲಿನ ಮೇಲೆ, ಮೊಣಕಾಲುಗಳು ಅತ್ತಿತ್ತ ಸನ್ನೆಗೋಲುಗಳನ್ನು ಒತ್ತುತ್ತಿವೆ. ಮಗ್ಗದ ಮುಂದೆ ಕುಳಿತ ನೇಕಾರನಂತೆ ಅವನ ಮೈಯೆಲ್ಲ ದುಡಿಯುತ್ತಿತ್ತು. ಮುಖ ಮಾತ್ರ ನಿಶ್ಚಲ. ನಲವತ್ತು ವರ್ಷ ವೀಣೆ ನುಡಿಸಿದ ನನ್ನ ಪತ್ನಿ ಸ್ವಲ್ಪ ಹೊತ್ತು ಕಿವಿಗೊಟ್ಟು, “ಷಡ್ಜ ಬಿಡದೆ ಗಾಂಧಾರವನ್ನು ಮಧ್ಯಮಕ್ಕೆ ಎಳೆಯುತ್ತಾನೆ ನೋಡಿ” ಎಂದಳು. ಭಾನುವಾರ ಬೆಳಗ್ಗೆ ಇದೇ ವೇದಿಕೆಯ ಮೇಲೆ ಭಕ್ತಿಗೀತೆಗಳನ್ನು ಹಾಡುತ್ತಾರೆಂದು ಅಳಿಯ ಹೇಳಿದ. ಬಾರಿನ ಬಗ್ಗೆ ನನಗಿದ್ದ ಮುಖ ಕಿವುಚುವಿಕೆ ಆ ಮಟ್ಟಿಗೆ ಸಡಿಲವಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಆ ಮನೆಯ ಪೂರ್ವಜನ್ಮದ ಸ್ಮರಣೆ ಎಲ್ಲಿ ಉಳಿದಿದೆ? ಬಾಗಿಲ ಮೇಲಿರುವುದು ಬೂಟು ಮಾರಿದವನ ಹೆಸರು. ಆದರೆ ಯಾವ ನಾದಕ್ಕಾಗಿ ಅಲ್ಲಿ ಒಂದು ಕಾಲಕ್ಕೆ ಮರ ಕೊಯ್ದು, ಕಬ್ಬಿಣ ಕಡೆದು, ತಂತಿ ಬಿಗಿದರೋ ಆ ನಾದ ಇಂದಿಗೂ ಆ ಗೋಡೆಗಳ ನಡುವೆ ಮೊಳಗುತ್ತಿದೆ. ಹೆಸರುಹಲಗೆ ಹೇಳದ ಮಾತನ್ನು ವಾದ್ಯ ಹೇಳುತ್ತಿದೆ. ಹೆಸರು ಉಳಿದು ಸದ್ದು ಹೋದ ನಮ್ಮ ಬಿನ್ನಿಪೇಟೆಗಿಂತ ಇದು ಮೇಲಲ್ಲವೆ ಎಂದು ಮೊದಲು ನನಗೆ ಅನ್ನಿಸಿದ್ದುಂಟು.

ಆದರೆ ಅಲ್ಲಿಗೆ ಸಮಾಧಾನಪಡುವಂತಿಲ್ಲ. ನಾದ ಉಳಿಯಿತು, ನಿಜ. ಆ ಮನೆಯಲ್ಲಿ ವಾದ್ಯ ಮಾಡುವ ಕೆಲಸ ಉಳಿಯಲಿಲ್ಲ. ಮಾಡಿದವರ ಬೆವರಿನ ಫಲವನ್ನು ನುಡಿಸುವವರು ಉಣ್ಣುತ್ತಿದ್ದಾರೆ, ಕೇಳುವವರು ಉಣ್ಣುತ್ತಿದ್ದೇವೆ. ವಾದ್ಯ ಶಾಶ್ವತವಲ್ಲ. ತಂತಿ ತುಕ್ಕು ಹಿಡಿಯುತ್ತದೆ, ಸ್ಪ್ರಿಂಗು ಸೋಲುತ್ತದೆ, ತಿರುಪು ಸವೆಯುತ್ತದೆ. ಹಳೆಯ ಷೋ-ಬಡ್ ವಾದ್ಯಗಳು ಇಂದಿಗೂ ನುಡಿಯುತ್ತಿರುವುದಕ್ಕೆ ಕಾರಣ ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಕೆಲವು ಕೈಗಳು ಎಲ್ಲೆಲ್ಲೋ ಉಳಿದಿರುವುದು. ಆ ಕೈಗಳೂ ಇಲ್ಲವಾದ ದಿನ ನಾದವೂ ನಿಲ್ಲುತ್ತದೆ. ಆಗ ಗೋಡೆಯ ಮೇಲಿನ ಚಿತ್ರಪಟ ನುಡಿಯಲಾರದು.

ಕಲೆಯ ಚರಿತ್ರೆಯಲ್ಲಿ ನುಡಿಸಿದವರಿಗೆ ಅಧ್ಯಾಯಗಳುಂಟು, ಮಾಡಿದವರಿಗೆ ಅಡಿಟಿಪ್ಪಣಿಯೂ ದುರ್ಲಭ. ಪಿಟೀಲು ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಪಿಟೀಲಿನ ಆಕಾರದಲ್ಲಿಯೇ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಕಟ್ಟಿದ್ದೇವೆ. ಅದು ಸರಿಯಾದ ಗೌರವವೇ. ಅವರ ಪಿಟೀಲಿಗೆ ಹೆಚ್ಚಿನ ಬಿರಡೆಗಳನ್ನು ಕೂರಿಸಿದ ಕೈ ಯಾವುದೆಂದು ಮಾತ್ರ ನಾವು ಕೇಳುವ ವಾಡಿಕೆಯಿಲ್ಲ.

ನಮ್ಮ ಕವಿಗಳು ಹೀಗಿರಲಿಲ್ಲ. ತನ್ನ ದೇಹವನ್ನೇ ವಾದ್ಯವಾಗಿಸೆಂದು ಬೇಡುವ ಬಸವಣ್ಣನವರ ವಚನವನ್ನು ತಾವೆಲ್ಲ ಬಲ್ಲಿರಿ. ನಲವತ್ತು ವರ್ಷ ಅದನ್ನು ಪಾಠ ಹೇಳಿದ ನನಗೆ ಈಗ ಅದರ ಅನುಕ್ರಮ ಬೆರಗು ಹುಟ್ಟಿಸುತ್ತದೆ. ಹಾಡು, ಬಾರಿಸು ಎಂಬ ಬೇಡಿಕೆಗಳು ಬರುವುದು ಕೊನೆಯಲ್ಲಿ. ಮೊದಲು ಬರುವುದು ದಂಡಿಗೆ, ಸೋರೆಬುರುಡೆ, ತಂತಿ, ಕಡ್ಡಿ; ಒಂದೊಂದು ಅಂಗವನ್ನೂ ಹೀಗೆ ಮಾಡು, ಹೀಗೆ ಮಾಡು ಎಂಬ ಪ್ರಾರ್ಥನೆ. ಅಂದರೆ ಭಕ್ತ ದೇವರನ್ನು ವೈಣಿಕನೆಂದು ಕಾಣುವ ಮೊದಲು ವೀಣೆ ಮಾಡುವವನೆಂದು ಕಾಣುತ್ತಾನೆ. ಕಾಯಕದ ಬೆಲೆ ಬಲ್ಲ ಕಾಲದ ದೃಷ್ಟಿ ಅದು. ಬಸವಣ್ಣನವರು ಕರಣಿಕರಾಗಿದ್ದ ಮಂಗಳವಾಡ ಭೀಮಾತೀರಕ್ಕೆ ದೂರವಿಲ್ಲ. ಇಂದಿಗೂ ಮೀರಜದ ಸಿತಾರು ತಂಬೂರಿಗಳಿಗೆ ಬೇಕಾದ ದೊಡ್ಡ ಸೋರೆಬುರುಡೆಗಳು ಬೆಳೆಯುವುದು ಆ ಸೀಮೆಯಲ್ಲಿ, ಪಂಢರಪುರದ ಆಸುಪಾಸಿನಲ್ಲಿ.

ಮೀರಜದ ಹೆಸರು ಬಂದುದು ಒಳ್ಳೆಯದಾಯಿತು. ಅಲ್ಲಿ ವಾದ್ಯ ಮಾಡುವ ಮನೆತನಗಳ ಹಿರಿಯರು ಕತ್ತಿ ಮುಂತಾದ ಆಯುಧಗಳನ್ನು ಸಾಣೆಹಿಡಿಯುತ್ತಿದ್ದ ಶಿಕಲಗಾರರು. ರಾಜರ ಯುದ್ಧಗಳು ನಿಂತು ಆಯುಧಗಳಿಗೆ ಗಿರಾಕಿ ಇಲ್ಲವಾದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಅದೇ ಕೈಗಳು ತಂಬೂರಿಗೆ ತಿರುಗಿದುವು. ಕೆಲಸದ ಮನೆ ಬೇರೊಂದು ಕೆಲಸದ ಮನೆಯಾದ ಕಥೆ ಅದು. ಅಬ್ದುಲ್ ಕರೀಂ ಖಾನರು ನೆಲಸಿದ್ದು ಅದೇ ಊರಿನಲ್ಲಿ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೊದಲಾದವರಿಗೆ ಆ ಗಾಯನ ಹರಿದುಬಂತು. ಹಾಡುವವರ ಹಿಂದೆ ತಂಬೂರಿ, ತಂಬೂರಿಯ ಹಿಂದೆ ಶಿಕಲಗಾರನ ಕೈ. 2024ರಲ್ಲಿ ಮೀರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬೆಂಗಳೂರಿನ ಮಗ್ಗುಲಲ್ಲೇ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ, ಹಲಸಿನ ಮರದಿಂದ ವೀಣೆ ಮಾಡುವವರಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಆ ಊರನ್ನು ನೋಡಿದ್ದೇವೆ?

ಇದು ಕೇವಲ ತತ್ತ್ವದ ಮಾತಲ್ಲವೆಂಬುದು ನನಗೆ ಮನೆಯಲ್ಲಿಯೇ ತಿಳಿಯಿತು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಬೇಸಿಗೆಯ ಬಿಸಿಗೆ ಮೇಣ ಸಡಿಲಿ, ಚಳಿಗೆ ಬಿರಿದು, ವರ್ಷಗಳು ಕಳೆದಂತೆ ಮೆಟ್ಟಿಲುಗಳು ಸ್ಥಾನ ತಪ್ಪುತ್ತವೆ. ಆಗ ಹಳೆಯ ಮೇಣವನ್ನು ಕೆತ್ತಿ ತೆಗೆದು, ಹೊಸದನ್ನು ಹಾಕಿ, ಇಪ್ಪತ್ತನಾಲ್ಕನ್ನೂ ಮತ್ತೆ ಕೂರಿಸಬೇಕು. ನನ್ನ ಪತ್ನಿಯ ವೀಣೆಗೆ ಆ ಗತಿ ಬಂದಾಗ ಹಿಂದೆ ಬರುತ್ತಿದ್ದವರು ಕಾಲವಾಗಿದ್ದರು. ಬೇರೊಬ್ಬರು ಸಿಕ್ಕಲು ಎರಡು ವರ್ಷ ಹಿಡಿಯಿತು. ಅಷ್ಟು ಕಾಲವೂ ವೀಣೆ ನಮ್ಮ ನಡುಮನೆಯ ಮೂಲೆಯಲ್ಲಿ ರೇಷ್ಮೆಯ ಗವಸು ಹೊದ್ದು ಮಲಗಿತ್ತು. ದಿನವೂ ಸಂಜೆ ಆ ಹೊತ್ತಿಗೆ ಮನೆ ಬಿಕೋ ಎನ್ನುತ್ತಿತ್ತು.

ಕೊನೆಗೆ ವೃದ್ಧರೊಬ್ಬರು ಬಸ್ಸು ಹಿಡಿದು, ಚೀಲ ಹೆಗಲಿಗೆ ಹಾಕಿಕೊಂಡು ಮಾರೇನಹಳ್ಳಿಗೆ ಬಂದರು. ಮಸಿ ಬೆರೆಸಿದ ಜೇನುಮೇಣವನ್ನು ಒಲೆಯ ಮೇಲೆ ಕರಗಿಸಿ, ಎರಡು ದಿನ ನಮ್ಮ ಜಗಲಿಯಲ್ಲಿ ಕುಳಿತು, ಒಂದೊಂದು ಮೆಟ್ಟಿಲನ್ನೂ ಕಿವಿಯಿಂದಲೇ ಅಳೆದು ನಿಲ್ಲಿಸಿದರು. ಯಾವ ಯಂತ್ರವೂ ಇಲ್ಲ, ಅಳತೆಗೋಲೂ ಇಲ್ಲ. ಕೆಲಸ ಮುಗಿದ ಮೇಲೆ ನನ್ನ ಪತ್ನಿ, “ನೀವೇ ಒಂದು ರಾಗ ನುಡಿಸಿ, ಕೇಳೋಣ” ಎಂದು ವೀಣೆಯನ್ನು ಅವರ ಕಡೆಗೆ ಸರಿಸಿದಳು. ಅವರು ಕೈಮುಗಿದು, “ನನಗೆ ಕಚೇರಿ ಬಾರದು ತಾಯಿ. ಸ್ವರ ನಿಂತಿತೋ ಇಲ್ಲವೋ, ಅಷ್ಟು ಗೊತ್ತಾಗುತ್ತೆ” ಎಂದರು. ಮಗ ಏನು ಮಾಡುತ್ತಾನೆಂದು ನಾನು ವಿಚಾರಿಸಿದೆ. “ಟ್ಯಾಕ್ಸಿ ಓಡಿಸ್ತಾನೆ ಮೇಷ್ಟ್ರೇ. ಇದರಲ್ಲಿ ಅವನ ಹೊಟ್ಟೆ ತುಂಬೋದಿಲ್ಲ” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ, ದುಃಖವೂ ಎದ್ದು ಕಾಣುತ್ತಿರಲಿಲ್ಲ. ಲೆಕ್ಕ ಹೇಳಿದಂತಿತ್ತು. ಅವರು ಹೊರಟ ಮೇಲೆ ಆ ದಿನದ ತಾರೀಖನ್ನೂ ಅವರ ಹೆಸರು, ಊರುಗಳನ್ನೂ ಒಂದು ಚೀಟಿಯಲ್ಲಿ ಬರೆದು ವೀಣೆಯ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ.

ಮಿತ್ರರೆ, ಕಟ್ಟಡಗಳು ಬದಲಾಗಬಾರದೆಂದು ನಾನು ವಾದಿಸುತ್ತಿಲ್ಲ. ಊರು ಬೆಳೆಯಬೇಕಾದರೆ ಮನೆಗಳು ಜನ್ಮಾಂತರ ಹೊಂದಲೇಬೇಕು. ಕೆಲಸದ ಮನೆ ಹಾಡಿನ ಮನೆಯಾದರೆ ಅದು ಪುಣ್ಯವೆಂದೇ ತಿಳಿಯೋಣ. ಹೆಸರು ಹೋದರೂ ಚಿಂತೆಯಿಲ್ಲ. ಆದರೆ ಹಾಡು ಎಷ್ಟು ಕಾಲ ಉಳಿಯಬೇಕೆಂಬುದನ್ನು ನಿರ್ಧರಿಸುವವರು ಸಭಾಂಗಣ ಕಟ್ಟುವವರಲ್ಲ, ನಾವು ಚಪ್ಪಾಳೆ ತಟ್ಟುವವರೂ ಅಲ್ಲ. ವಾದ್ಯ ಕೆಟ್ಟಾಗ ಅದನ್ನು ಸರಿಮಾಡಬಲ್ಲ ಒಬ್ಬನಾದರೂ ಓಣಿಯಾಚೆಗೆ ಇದ್ದಾನೆಯೆ, ಅವನ ಹೊಟ್ಟೆ ತುಂಬುತ್ತಿದೆಯೆ ಎಂಬುದರ ಮೇಲೆ ಅದು ನಿಂತಿದೆ. ಕಛೇರಿಗೆ ಕೊಡುವ ಟಿಕೇಟಿನ ಹಣದಲ್ಲಿ ಒಂದು ಪಾಲು ದುರಸ್ತಿ ಮಾಡುವವನಿಗೂ ಸಲ್ಲಬೇಕಾದದ್ದು ಎಂಬ ಭಾವನೆ ನಮ್ಮಲ್ಲಿ ಬರಬೇಕು. ಸಂಗೀತ ಸಭೆಗಳು ವರ್ಷಕ್ಕೊಮ್ಮೆ ಒಬ್ಬ ವಿದ್ವಾಂಸರಿಗೆ ಶಾಲು ಹೊದಿಸುವಾಗ ಪಕ್ಕದಲ್ಲಿ ವಾದ್ಯ ಮಾಡುವವರೊಬ್ಬರನ್ನೂ ಕೂರಿಸಿಕೊಂಡರೆ ಶಾಲಿನ ಖರ್ಚು ಇನ್ನೊಂದಷ್ಟೇ ಹೆಚ್ಚುತ್ತದೆ.

ತಮ್ಮ ಮನೆಗಳ ಮೂಲೆಗಳಲ್ಲಿ ಗವಸು ಹೊದ್ದ ವೀಣೆಯೋ ತಂಬೂರಿಯೋ, ಅತ್ತೆಯವರ ಕಾಲದ ಹಾರ್ಮೋನಿಯಮ್ಮೋ ಇರಬಹುದು. ದಯವಿಟ್ಟು ಈ ವರ್ಷವೇ ಅದನ್ನು ಸರಿಮಾಡಿಸಿ. ಸರಿಮಾಡಲು ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

(ಬಾನುಲಿ ಭಾಷಣದ ಬರಹರೂಪ)